ನಿಕೋನ ಪಾಲಿನ ಗೋಧಿ

ಬೇಯುವ ಗೋಧಿಯ ವಾಸನೆ ಧಾರವಾಡದವಳಾದ ನನಗೆ ಹಬ್ಬದ ವಾಸನೆಯಾಗಬೇಕು. ಗೋಧಿ ಹುಗ್ಗಿ ಇಲ್ಲದ ಹಬ್ಬ ನಮ್ಮ ಮನೆಯಲ್ಲಿ ಹಬ್ಬವೇ ಅಲ್ಲ. ಆದರೆ ಕಳೆದ ತಿಂಗಳು ಆಸ್ಟೋರಿಯಾದ ಗ್ರೀಕ್ ಚರ್ಚಿನ ಕೆಳಗಿನ ಹಾಲ್‌ಗೆ ಕಾಲಿಟ್ಟಾಗ ಬೆಂದ ಗೋಧಿ, ದಾಲ್ಚಿನ್ನಿ, ಹುರಿದ ಎಳ್ಳು ಎಲ್ಲ ಒಟ್ಟಿಗೇ ಮೂಗಿಗೆ ಬಡಿದವು. ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿದ್ದ ಯಾರೋ ಹೆಂಗಸು ‘ಎಕ್ಸ್‌ಕ್ಯೂಸ್ ಮಿ’ ಎಂದು ಎರಡು ಸಲ ಹೇಳಬೇಕಾಯಿತು.

ನ್ಯೂಜೆರ್ಸಿಯ ಹಿಲ್ಸ್‌ಬರೋದಿಂದ ಟ್ರಾಫಿಕ್ಕಿಗೆ ಶಾಪ ಹಾಕುತ್ತ ಡ್ರೈವ್ ಮಾಡಿಕೊಂಡು ಬಂದದ್ದು ನನ್ನ ಹಳೆಯ ಮನೆಯೊಡತಿ ಯಾಯಾ ಸತ್ತ ನಲವತ್ತನೆಯ ದಿನಕ್ಕೆ. ಯಾಯಾ ಅಂದರೆ ಗ್ರೀಕ್ ಭಾಷೆಯಲ್ಲಿ ಅಜ್ಜಿ. ನಿಜವಾದ ಹೆಸರು ಸ್ತಮಾತಿಯಾ. ಅವಳ ಬೀದಿಯಲ್ಲಿ ಆ ಹೆಸರು ಕರೆಯುವವರೆಲ್ಲ ಅವಳಿಗಿಂತ ಮುಂಚೆಯೇ ಹೋಗಿದ್ದರು. ನೂರಕ್ಕೆ ಒಂದೋ ಎರಡೋ ವರ್ಷ ಬಾಕಿ ಇತ್ತು. ಸತ್ತವರ ಜೀವ ನಲವತ್ತು ದಿನ ಮನೆಯ ಸುತ್ತಮುತ್ತಲೇ ಇರುತ್ತದೆ, ಆಮೇಲೆ ಹೊರಡುತ್ತದೆ ಎಂದು ಅವರ ನಂಬಿಕೆ. ಆ ದಿನ ಗೋಧಿ ಬೇಯಿಸಿ, ಸಕ್ಕರೆ, ದ್ರಾಕ್ಷಿ, ಬಾದಾಮಿ, ದಾಳಿಂಬೆ ಕಾಳು ಬೆರೆಸಿ, ಪ್ರಾರ್ಥನೆಯಾದ ಮೇಲೆ ಬಂದವರಿಗೆಲ್ಲ ಹಂಚುತ್ತಾರೆ. ತಿನ್ನುವವರು ‘ದೇವರು ಕ್ಷಮಿಸಲಿ’ ಅನ್ನಬೇಕು. ಸಾವಿಗಲ್ಲದೆ ಆ ಗೋಧಿಯನ್ನು ಯಾರೂ ಮಾಡುವುದಿಲ್ಲ.

ಯಾಯಾಳ ಮಗಳು ಐರೀನ್ ದೂರದಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ತಲೆಯಾಡಿಸಿದಳು, ಹತ್ತಿರ ಬರಲಿಲ್ಲ. ಆ ತಟ್ಟೆ ನೋಡುತ್ತಿದ್ದಂತೆ ಐದು ವರ್ಷದ ಹಿಂದಿನ ಆ ಚಳಿಗಾಲ ಇಡಿಯಾಗಿ ನನ್ನ ಮೇಲೆ ಬಿತ್ತು.

ಆಗ ನಾನು ಯಾಯಾಳ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಮ್ಯಾನ್‌ಹಟ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಗಂಡ ಬಿಟ್ಟು ಹೋಗಿ, ಅಥವಾ ನಾನೇ ಅವನನ್ನು ಬಿಟ್ಟು, ಅದು ಕೇಳುವವರ ಮೇಲೆ ಹೋಗುತ್ತದೆ, ಮೂರು ವರ್ಷವಾಗಿತ್ತು. ಕೆಳಗಡೆ ಯಾಯಾ ಮತ್ತು ಐರೀನ್. ಯಾಯಾ ಗಂಡ ತೀರಿಕೊಂಡಂದಿನಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟವಳಲ್ಲ. ಆ ಗಂಡನ ಫೋಟೋ ಒಂದನ್ನು ಹಿಡಿದುಕೊಂಡೇ ಹಡಗು ಹತ್ತಿ ಬಂದಿದ್ದಳಂತೆ. ಇಳಿದು ನೋಡಿದರೆ ಎದುರಿಗಿದ್ದವನು ಫೋಟೋದವನಿಗಿಂತ ಹತ್ತು ವರ್ಷ ದೊಡ್ಡವನು. “ವಾಪಸ್ ಹೋಗೋಕೆ ಟಿಕೆಟ್ ಇರಲಿಲ್ಲ. ಮದುವೆಯಾದೆ,” ಎಂದು ನಗುತ್ತಿದ್ದಳು. ಅವನು ಕಾಫಿ ಅಂಗಡಿ ಇಟ್ಟ. ಇವಳು ಶ್ರೀಮಂತರ ತುಪ್ಪಳದ ಕೋಟುಗಳಿಗೆ ಅಸ್ತರು ಹೊಲಿದಳು. ಅಸ್ತರು ಹೊಲಿದೇ ಆ ಮನೆ ಕೊಂಡರು, ನಿಕ್ ಮತ್ತು ಐರೀನರನ್ನು ಓದಿಸಿದರು.

ಒಂದು ಸಂಗತಿ ಮಾತ್ರ ಅವಳು ನಗದೆ ಹೇಳುತ್ತಿದ್ದಳು. ಅವಳು ಹುಡುಗಿಯಾಗಿದ್ದಾಗ, ಯುದ್ಧದ ಕಾಲದಲ್ಲಿ, ಅವರ ದ್ವೀಪದಲ್ಲಿ ತಿನ್ನಲು ಏನೂ ಇರಲಿಲ್ಲ. ಹೊಲದ ಬದುವಿನ ಸೊಪ್ಪು ಬೇಯಿಸಿ ತಿಂದರು. ಚಿಕ್ಕ ತಮ್ಮ ಸತ್ತುಹೋದ. ನಲವತ್ತನೆಯ ದಿನಕ್ಕೆ ಇಡೀ ಊರು ಅಲೆದರೂ ಅವರಮ್ಮನಿಗೆ ಒಂದು ಹಿಡಿ ಗೋಧಿ ಸಿಗಲಿಲ್ಲ. “ಗೋಧಿ ಇಲ್ಲದೇ ಕಳಿಸಿದ್ವಿ ಅವನನ್ನ,” ಎನ್ನುತ್ತಿದ್ದಳು. ಎಂಬತ್ತು ವರ್ಷ ಕಳೆದಿದ್ದರೂ ಹಾಗೆ ಹೇಳುವಾಗ ಮೇಜಿನ ಮೇಲೆ ಬಿದ್ದ ಬ್ರೆಡ್ಡಿನ ಪುಡಿಯನ್ನು ಬೆರಳಿಂದ ಒತ್ತಿ ಎತ್ತಿಕೊಳ್ಳುತ್ತಿದ್ದಳು.

ಆ ಚಳಿಗಾಲ ನಮ್ಮವ್ವ ಧಾರವಾಡದಿಂದ ಬಂದಿದ್ದಳು. ಇಂಗ್ಲಿಷಿನಲ್ಲಿ ಅವಳಿಗೆ ಬರುತ್ತಿದ್ದದ್ದು ‘ಥ್ಯಾಂಕ್ಯೂ’ ಒಂದೇ, ಅದನ್ನೂ ಸಿಟ್ಟು ಬಂದಾಗ ಬಳಸುತ್ತಿದ್ದಳು. ಬಂದ ವಾರದಲ್ಲೇ ಕೆಳಗಿನ ಮನೆಗೆ ಹೋಗಿ ಕೂರಲು ಶುರುಮಾಡಿದಳು. ಯಾಯಾ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತುವುದನ್ನು ಕಲಿಸಿದಳು, ಅವ್ವ ಅವಳ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿದು ಗೋಡೆಯ ಫೋಟೋಗಳನ್ನೆಲ್ಲ ಅಲುಗಾಡಿಸಿದಳು. ಅವಳು ಗ್ರೀಕ್‌ನಲ್ಲಿ, ಇವಳು ಕನ್ನಡದಲ್ಲಿ ತಾಸುಗಟ್ಟಲೆ ಮಾತು. “ಏನಂತಾಳಬೇ ಆಕಿ?” ಎಂದರೆ, “ಆಕಿ ಸಣ್ಣ ಸೊಸಿ ಅಡಗಿಗೆ ಉಪ್ಪ ಹಾಕಂಗಿಲ್ಲಂತ,” ಎಂದು ಅವ್ವ ಖಡಾಖಂಡಿತವಾಗಿ ಹೇಳುತ್ತಿದ್ದಳು. ಯಾಯಾಗೆ ಇದ್ದದ್ದೇ ಒಬ್ಬ ಸೊಸೆ, ಅವಳೂ ಸತ್ತು ಬಹಳ ವರ್ಷವಾಗಿತ್ತು. ನಾನು ತಿದ್ದಲು ಹೋಗುತ್ತಿರಲಿಲ್ಲ.

ಮಗ ನಿಕ್ ನ್ಯೂಜೆರ್ಸಿಯಲ್ಲಿದ್ದ. ಅರವತ್ತೇಳು ವಯಸ್ಸು, ದೊಡ್ಡ ಹೊಟ್ಟೆ, ದೊಡ್ಡ ದನಿ. ಪ್ರತಿ ಭಾನುವಾರ ಅಮ್ಮನಿಗೆ ಬಿಸಿ ಬ್ರೆಡ್ ತರುತ್ತಿದ್ದ. ಅವಳಿಗೆ ಅವನು ನಿಕೋ. ಜನವರಿ ಕೊನೆಯ ಒಂದು ಭಾನುವಾರ ಕೆಳಗಡೆ ಜೋರು ಜಗಳ ಕೇಳಿಸಿತು. ಈ ಮೆಟ್ಟಿಲು, ಈ ಐಸು, ಈ ವಯಸ್ಸಿನಲ್ಲಿ ಬೇಡ, ಮನೆ ಮಾರಿ ನನ್ನ ಹತ್ತಿರ ಬಂದುಬಿಡು ಎಂದು ಅವನು. ನನ್ನ ಹೆಣ ಹೊರಟ ಮೇಲೆ ಮಾರಿಕೋ ಎಂದು ಅವಳು. ಕಾಫಿ ಅರ್ಧ ಕುಡಿದು ಬಾಗಿಲು ಬಡಿದುಕೊಂಡು ಹೋದ. ಅದೇ ವಾರ ಹಿಮ ಬಿತ್ತು. ತನ್ನ ಮನೆಯ ಮುಂದಿನ ಹಿಮ ತೆಗೆಯುತ್ತಿದ್ದವನು ಸಲಿಕೆ ಹಿಡಿದುಕೊಂಡೇ ಬಿದ್ದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಐರೀನ್ ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದಳು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

“ಅಮ್ಮನಿಗೆ ಹೇಳಲ್ಲ,” ಎಂದಳು. “ಅವಳ ಹಾರ್ಟ್ ತಡೆಯಲ್ಲ ಅಂತ ಡಾಕ್ಟರೇ ಅಂದರು. ಒಂದೇ ವಾರದಲ್ಲಿ ಇಬ್ಬರನ್ನ ಹೂಳೋಕೆ ನನ್ನ ಕೈಲಿ ಆಗಲ್ಲ. ನಿಕ್ ಫ್ಲೋರಿಡಾಗೆ ಹೋಗಿದಾನೆ, ಫ್ರೆಂಡ್ ರೆಸ್ಟೋರೆಂಟ್ ನೋಡ್ಕೊಳ್ಳೋಕೆ. ನೀನೂ ಅಷ್ಟೇ ಹೇಳು.” ಮೆಟ್ಟಿಲತ್ತ ಬಗ್ಗಿ ನೋಡಿ ದನಿ ತಗ್ಗಿಸಿ, “ಫ್ಯೂನರಲ್ ದಿನ ನಿನ್ನ ಅಮ್ಮ ಅವಳ ಜೊತೆ ಕೂತಿರ್ತಾರಾ? ಅವರಿಗೆ ಭಾಷೆ ಬರದೇ ಇರೋದೇ ಒಳ್ಳೇದಾಯ್ತು.”

ಒಪ್ಪಿಕೊಂಡೆ. ನಮ್ಮಲ್ಲೇನು ಮುಚ್ಚಿಡುವುದಿಲ್ಲವೇ? ಮುದುಕರಿಗೆ ಹೇಳಬೇಡಿ, ತಡೆಯಲಾರರು ಎಂದು ಎಷ್ಟು ಮನೆಗಳಲ್ಲಿ ಎಷ್ಟು ಸಾವುಗಳನ್ನು ಊರಿಗೆ ಹೋಗಿದ್ದಾರೆ ಎಂದು ಸಾಗಹಾಕಿಲ್ಲ? ಐರೀನ್ ತಾಯಿಯನ್ನು ದಿನಾ ಮೀಯಿಸುತ್ತಿದ್ದವಳು, ಅವಳ ಉಗುರು ಕತ್ತರಿಸುತ್ತಿದ್ದವಳು, ಅವಳಿಗಾಗಿ ಮದುವೆಯನ್ನೂ ಮಾಡಿಕೊಳ್ಳದೆ ಉಳಿದವಳು. ಅವಳ ನಿರ್ಧಾರಕ್ಕೆ ಎದುರಾಡಲು ನಾನು ಯಾರು?

ಅವ್ವ ಮಾತ್ರ ಕೆಂಡವಾದಳು. “ಅವರೂ ನಮ್ಮಂಗ ಮಣ್ಣ ಮಾಡ್ತಾರಲ್ಲಾ? ಹಡದಾಕಿ ಒಂದ್ ಹಿಡಿ ಮಣ್ಣ ಹಾಕಬ್ಯಾಡೇನು ಮಗಗ?”

“ಆಕಿ ಜೀವಾ ಹೋದ್ರ ಯಾರಬೇ ಜವಾಬ್ದಾರಿ? ನೀ ಸುಮ್ನ ಕೂಡು.”

“ಸುಮ್ನನ ಕೂಡ್ತೇನಿ. ಮಾತಾಡಾಕ ನನಗೇನ್ ಬರತೈತಿ? ಥ್ಯಾಂಕ್ಯೂ!”

ಫ್ಯೂನರಲ್ ದಿನ ಇಡೀ ಬಳಗ ಅದೇ ಚರ್ಚಿನಲ್ಲಿ ನಿಕ್‌ನ ಪೆಟ್ಟಿಗೆಯ ಸುತ್ತ ನಿಂತಿದ್ದಾಗ ಅವನ ತಾಯಿ ನಾಲ್ಕು ಬೀದಿ ಆಚೆ ನಮ್ಮವ್ವನ ಜೊತೆ ಪಾಲಕ್ ಬಿಡಿಸುತ್ತಿದ್ದಳು. ಕಿಟಕಿಯಿಂದ ಗಂಟೆ ಕೇಳಿಸಿತಂತೆ. ಯಾಯಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳಂತೆ, ಯಾರೋ ಪಾಪ ಎನ್ನುವ ಹಾಗೆ. ಅದನ್ನು ಹೇಳಿ ಅವ್ವ ಮುಖ ತೊಳೆಯಲು ಹೋದವಳು ಎಷ್ಟು ಹೊತ್ತಾದರೂ ಬಾತ್‌ರೂಮಿನಿಂದ ಬರಲಿಲ್ಲ.

ಮೊದಲ ಭಾನುವಾರ ಕಳೆಯಿತು, ಎರಡನೆಯದೂ ಕಳೆಯಿತು. ಸುಳ್ಳು ಹೇಳಿದವರು ಒಂದನ್ನು ಯೋಚಿಸಿರಲಿಲ್ಲ. ಫ್ಲೋರಿಡಾದಲ್ಲಿ ಫೋನ್ ಇಲ್ಲವೇ? ಮಗ ಜಗಳವಾಡಿ ಹೋದವನು ಮಾತು ಬಿಟ್ಟಿದ್ದಾನೆ ಎಂದೇ ಯಾಯಾ ತಿಳಿದಳು. ಮೊದಮೊದಲು ಬರಲಿ, ಕಿವಿ ಹಿಂಡುತ್ತೇನೆ ಎನ್ನುತ್ತಿದ್ದಳು. ಆಮೇಲೆ ದನಿ ಕಹಿಯಾಯಿತು. ಅವನು ಕೂರುತ್ತಿದ್ದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಒಂದು ಭಾನುವಾರ ನಾನು ಅವ್ವನನ್ನು ಕರೆಯಲು ಹೋದಾಗ ಆ ಕುರ್ಚಿಯತ್ತ ಐದೂ ಬೆರಳು ಬಿಡಿಸಿ ಅಂಗೈ ಚಾಚಿ ಏನೋ ಹೇಳುತ್ತಿದ್ದಳು. ಐರೀನ್ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತ ಬೆನ್ನು ತಿರುಗಿಸಿ ನಿಂತಿದ್ದಳು. ನೀರು ಸುಮ್ಮನೆ ಹರಿಯುತ್ತಿತ್ತು, ಅವಳ ಕೈ ಆಡುತ್ತಿರಲಿಲ್ಲ.

“ಆಶೀರ್ವಾದ ಮಾಡಾಕತ್ತಾಳೇನ?” ಎಂದು ಮೆಟ್ಟಿಲಲ್ಲಿ ಅವ್ವನನ್ನು ಕೇಳಿದೆ.

“ಆಶೀರ್ವಾದ ಮಾಡೋ ಮಾರಿ ಏನ ಅದು? ಏನಂದ್ಲು ಕೇಳ್ಕೊಂಡ ಬಾ.”

ಕೇಳಬಾರದಿತ್ತು. ಯಾಯಾಳೇ ನನಗೆ ತನ್ನ ಒಡಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅದು ಅವರಲ್ಲಿ ಎಲ್ಲಕ್ಕಿಂತ ದೊಡ್ಡ ಶಾಪ, ತಾಯಿ ಬಾಯಲ್ಲಿ ಬರಲೇಬಾರದ್ದು. ಮಣ್ಣು ನಿನ್ನನ್ನು ಕರಗಿಸದಿರಲಿ. ಶಾಪ ತಟ್ಟಿದವನ ದೇಹ ಗೋರಿಯಲ್ಲಿ ಕರಗುವುದಿಲ್ಲ, ಜೀವಕ್ಕೆ ಬಿಡುಗಡೆಯಿಲ್ಲ. “ಭಾನುವಾರ ಭಾನುವಾರ ಹೇಳ್ತೀನಿ. ಕೇಳಿಸ್ಕೊಂಡಾದ್ರೂ ಬರಲಿ,” ಎಂದಳು. ಸಿಟ್ಟಿಗಿಂತ ಹೆಚ್ಚಾಗಿ ಅವನು ಬೇಕಾಗಿದ್ದ ಅವಳಿಗೆ.

ಮೇಲೆ ಬಂದು ಹೇಳಿದೆ. ಅವ್ವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

“ಮಣ್ಣಾಗಿರೋ ಮಗಗ ಮಣ್ಣಾಗಬ್ಯಾಡ ಅಂತಾಳೇನು? ಅಯ್ಯ ಶಿವನ! ಇದನ್ನ ಕೇಳ್ಕೋಂತ ಆ ಹುಡುಗಿ ಹೆಂಗ ಭಾಂಡೆ ತಿಕ್ಕಾಕತ್ತಾಳ?”

ಆ ಹುಡುಗಿಗೆ ಅರವತ್ತಾಗಿತ್ತು. ಮಾರನೆಯ ದಿನ ನಾನು ಐರೀನಳನ್ನು ಹಿಡಿದು ನಿಲ್ಲಿಸಿ, ಈಗಲಾದರೂ ಹೇಳಿಬಿಡು ಎಂದೆ. “ಈಗ ಹೇಗೆ ಹೇಳಲಿ?” ಎಂದಳು. “ಮೊದಲೇ ಹೇಳಿದ್ರೆ ಮಗ ಸತ್ತ ಅಂತ ಮಾತ್ರ ಗೊತ್ತಾಗ್ತಿತ್ತು. ಈಗ ಹೇಳಿದ್ರೆ, ಸತ್ತವನಿಗೆ ತಾನು ಏನಂದೆ ಅನ್ನೋದೂ ಗೊತ್ತಾಗುತ್ತೆ.” ಅವಳ ಕಣ್ಣ ಕೆಳಗೆ ಕಪ್ಪಗಾಗಿತ್ತು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಹೀಗೆ ಮಾರ್ಚ್ ಬಂತು. ಬೀದಿಯ ಅಂಚಿನ ಹಿಮ ಕರಗಿ ಕಪ್ಪು ಕೆಸರಾಗಿತ್ತು. ನಿಕ್‌ನ ನಲವತ್ತನೆಯ ದಿನದ ಪ್ರಾರ್ಥನೆ ಒಂದು ಭಾನುವಾರಕ್ಕೆ ನಿಂತಿತು. ಗೋಧಿಯನ್ನು ಮನೆಯಲ್ಲೇ ಬೇಯಿಸಬೇಕು, ಅಂಗಡಿಯಿಂದ ತಂದರೆ ಬಳಗದವರು ಮಾತಾಡುತ್ತಾರೆ. ಆದರೆ ಕೆಳಗಿನ ಒಲೆಯ ಮೇಲಿಟ್ಟರೆ ಯಾಯಾಳ ಮೂಗು ಬಿಡುತ್ತದೆಯೇ? ನಿನ್ನ ಅಡುಗೆಮನೆಯಲ್ಲಿ ಬೇಯಿಸಿಕೊಡ್ತೀಯಾ ಎಂದು ಐರೀನ್ ಕೇಳಿದಳು. ಗೋಧಿ ಬೇಯಿಸುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಚಳಿಯಲ್ಲಿ ನಡುಗುತ್ತ, ಶನಿವಾರ ಬೆಳಿಗ್ಗೆ ಅವ್ವ ದೊಡ್ಡ ಪಾತ್ರೆಯಲ್ಲಿ ಗೋಧಿ ಇಟ್ಟಳು. ಕಾಳು ಬಾಯಿ ಬಿಡುವಷ್ಟು ಬೇಯಿಸಿ, ಬಸಿದು, ಐರೀನ್ ಕೊಟ್ಟ ಬಿಳಿ ಹಾಸಿಗೆ ಬಟ್ಟೆಯ ಮೇಲೆ ಆರಲು ಹರಡಿದೆವು. ನಡುಮನೆಯ ನೆಲದ ತುಂಬ ಗೋಧಿ. ಒಂದು ಹರಳು ಸಕ್ಕರೆ ಬೀಳುವ ಮೊದಲೇ ಅವ್ವ, “ಹುಗ್ಗಿ ಆಗೋ ಗೋಧಿ ನೋಡು, ಯಾತಕ್ಕ ಆತು,” ಎಂದಳು.

ದಾಳಿಂಬೆ ತರಲು ನಾನು ಜ್ಯಾಕ್ಸನ್ ಹೈಟ್ಸ್‌ಗೆ ಹೋದೆ. ಐರೀನ್ ಪಾದ್ರಿಯನ್ನು ಕಾಣಲು ಹೋಗಿದ್ದಳು. ಮಧ್ಯಾಹ್ನ ವಾಪಸು ಬಂದು ಬಾಗಿಲು ತೆಗೆದರೆ ಮನೆಯಲ್ಲಿ ಅವ್ವ ಇಲ್ಲ. ಬಟ್ಟೆಯ ಒಂದು ಮೂಲೆಯಲ್ಲಿ ಗೋಧಿ ಬಳಿದು ತೆಗೆದ ಖಾಲಿ ಜಾಗ, ಮಗ್ಗುಲಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ. ಚೀಲ ಅಲ್ಲೇ ಬಿಸಾಕಿ ಮೆಟ್ಟಿಲು ಇಳಿದೆ.

ಯಾಯಾ ಅಡುಗೆಮನೆಯ ಮೇಜಿಗೆ ಕೂತಿದ್ದಳು. ಮುಂದೆ ನಮ್ಮ ಸ್ಟೀಲ್ ಬಟ್ಟಲು, ಅದರಲ್ಲಿ ಗೋಧಿ, ಮೇಲೆ ಸಕ್ಕರೆ, ನಾಲ್ಕು ದ್ರಾಕ್ಷಿ. ಅವ್ವ ಅವಳ ಪಕ್ಕದಲ್ಲಿ ನಿಂತು ಭುಜ ಹಿಡಿದಿದ್ದಳು. ಯಾಯಾ ಬಟ್ಟಲನ್ನು ನೋಡಿದಳು, ಗೋಡೆಯ ಕಡೆ ತಿರುಗಿದ್ದ ಕುರ್ಚಿಯನ್ನು ನೋಡಿದಳು, ಆಮೇಲೆ ಅವ್ವನ ಮುಖ.

“ನಿಕೋ?” ಎಂದಳು.

ಅವ್ವ ತಲೆಯಾಡಿಸಿದಳು. “ಹೌದವಾ,” ಎಂದಳು. “ಹೋದಾ.”

ನಾನು ಬಾಗಿಲಲ್ಲಿ ಮರವಾಗಿ ನಿಂತೆ. ಈಗ ಬೀಳುತ್ತಾಳೆ, ಆಂಬ್ಯುಲೆನ್ಸ್ ಕರೆಯಬೇಕು ಎಂದು ಕೈ ಫೋನ್ ತಡಕುತ್ತಿತ್ತು. ಯಾಯಾ ಬೀಳಲಿಲ್ಲ. ಎದ್ದಳು. ಗೋಡೆ ಹಿಡಿದುಕೊಂಡು ಹೋಗಿ ಕುರ್ಚಿಯನ್ನು ಮೇಜಿನ ಕಡೆ ತಿರುಗಿಸಿದಳು. ವಾಪಸು ಬಂದು ಕೂತು ಚಮಚ ಕೈಗೆ ತೆಗೆದುಕೊಂಡಳು. ಒಂದು ಚಮಚ ಬಾಯಿಗಿಟ್ಟು, ಅಗಿದು, ನುಂಗಿ, ದೇವರು ಅವನನ್ನು ಕ್ಷಮಿಸಲಿ ಎಂದು ಅವರ ಭಾಷೆಯಲ್ಲಿ ಹೇಳಿದಳು. ಇನ್ನೊಂದು ಚಮಚ. ಮಣ್ಣು ಅವನಿಗೆ ಹಗುರವಾಗಲಿ. ಹಾಗೆ ಒಂದು ತುತ್ತಿಗೆ ಒಂದು ಮಾತು. ನಡುವೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ಅವ್ವ ಬೆನ್ನು ಸವರಿದಳು. ನಿಲ್ಲಿಸಲಿಲ್ಲ ಅವಳು, ಬಟ್ಟಲು ಬರಿದಾಗುವವರೆಗೂ ತಿಂದಳು.

ಐರೀನ್ ಬಂದದ್ದು ಆಗ. ಬಟ್ಟಲು ನೋಡಿದವಳೇ ಕೈಚೀಲ ಕೆಳಗೆ ಬಿಟ್ಟಳು. “ಮಾಮ,” ಎಂದು ಅಮ್ಮನನ್ನು ಕರೆಯುತ್ತ ಹತ್ತಿರ ಓಡಿದಳು. ಯಾಯಾ ಕೈಯೆತ್ತಿ ತಡೆದಳು. ಒಂದೇ ಮಾತು ಹೇಳಿದಳು, ಅದನ್ನು ನನಗೂ ಕೇಳಲಿ ಎಂದೇ ಇಂಗ್ಲಿಷಿನಲ್ಲಿ ಹೇಳಿದಳು: “ನನ್ನ ಬಾಯಿಂದ ಎಂಥ ಮಾತು ಆಡಿಸಿಬಿಟ್ಟೆ ನೀನು.”

ಮರುದಿನ ಅವಳನ್ನು ಕುರ್ಚಿಸಮೇತ ಎತ್ತಿ ಮೆಟ್ಟಿಲಿಳಿಸಿ ಚರ್ಚಿಗೆ ಒಯ್ದರು. ಪಾದ್ರಿ ಮಗನ ಹೆಸರು ಹಿಡಿದಾಗ ಅವಳು ಬಾಯಿಬಿಟ್ಟು ಅತ್ತಳು. ನಮ್ಮ ಊರ ಕಡೆ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುತ್ತಾರಲ್ಲ, ಹಾಗೇ. ಪಾದ್ರಿ ಓದುವುದನ್ನು ನಿಲ್ಲಿಸಿ ಕಾದ. ನನ್ನ ಪಕ್ಕ ಕೂತ ಅವ್ವ, “ಅಳಲಿ, ಅಳಲಿ,” ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು. ಐರೀನ್ ಒಂದು ಕಂಬಕ್ಕೆ ಒರಗಿ ಬೇರೆಯಾಗಿ ನಿಂತಿದ್ದಳು. ಅವಳ ಹತ್ತಿರ ಹೋಗಬೇಕಾಗಿತ್ತು, ನಾನು ಹೋಗಲಿಲ್ಲ.

ಅವ್ವನನ್ನು ಏರ್‌ಪೋರ್ಟಿಗೆ ಬಿಡುವಾಗ ಕೊನೆಗೂ ಕೇಳಿದೆ. “ಆಕಿಗೆ ಏನರೆ ಆಗಿದ್ರ ಏನ್ ಮಾಡ್ತಿದ್ದಿ?”

“ಆದ್ರ ಆಗ್ತಿತ್ತು. ಹಡದಾಕಿ ಮಗಗ ಅತ್ತು ಸತ್ಲು ಅಂತಿದ್ರು. ಶಾಪಾ ಹಾಕ್ಕೋಂತ ಸಾಯೋದಕಿಂತ ಚಲೋ ಅಲ್ಲೇನು?” ಎಂದಳು. ಸೀಟ್‌ಬೆಲ್ಟ್ ಸರಿಮಾಡಿಕೊಳ್ಳುತ್ತ, “ಆದ್ರ ಆ ಹುಡುಗಿ ಗತಿ ನಾ ವಿಚಾರ ಮಾಡ್ಲಿಲ್ಲ ನೋಡು,” ಎಂದಳು. ಅವ್ವ ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ ಅವಳಿಗೂ ಮಣ್ಣು ಕೊಟ್ಟು ಬಂದೆ.

ಯಾಯಾ ಅದಾದ ಮೇಲೆ ಐದು ವರ್ಷ ಬದುಕಿದಳು. ಡಾಕ್ಟರು ತಡೆಯುವುದಿಲ್ಲ ಎಂದ ಅದೇ ಎದೆ. ಆ ಐದು ವರ್ಷವೂ ಮಗಳ ಕೈಯ ಊಟ ಉಂಡಳು, ಮಗಳ ಕೈಯಲ್ಲಿ ಮಿಂದಳು, ಮಗಳ ಜೊತೆ ಮಾತಾಡಲಿಲ್ಲ. ಐರೀನ್ ಎದುರಿಗೇ ಇದ್ದರೂ, “ಹೀಟ್ ಕಮ್ಮಿ ಮಾಡೋಕೆ ಹೇಳು ಅವಳಿಗೆ,” ಎಂದು ನನಗೆ ಹೇಳುತ್ತಿದ್ದಳು. ನಾನು ಹೇಳುವಷ್ಟರಲ್ಲಿ ಐರೀನ್ ಎದ್ದು ಕಮ್ಮಿ ಮಾಡಿರುತ್ತಿದ್ದಳು. ನೋಡಲಾಗುತ್ತಿರಲಿಲ್ಲ. ಹಿಲ್ಸ್‌ಬರೋದಲ್ಲಿ ಕೆಲಸ ಸಿಕ್ಕಾಗ ನಾನು ಮನೆ ಬಿಟ್ಟದ್ದಕ್ಕೆ ದಿನಾ ಓಡಾಡುವ ದೂರ ಒಂದೇ ಕಾರಣವಲ್ಲ. ಎಷ್ಟೋ ಸಲ ಯಾಯಾಳನ್ನು ಬೈಯಬೇಕೆನಿಸಿದೆ. ಪ್ರೀತಿಯಿಂದ ಮಾಡಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಫೋನ್ ಹಿಡಿದು, ಸುಮ್ಮನೆ ಆರೋಗ್ಯ ವಿಚಾರಿಸಿ ಇಟ್ಟಿದ್ದೇನೆ.

ಕಳೆದ ತಿಂಗಳು ಆ ಹಾಲ್‌ನಲ್ಲಿ ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೆ ಐರೀನ್ ನನ್ನ ಎದುರು ಬಂದು ಕೂತಳು. ಕಪ್ಪು ಬಟ್ಟೆಯಲ್ಲಿ ಥೇಟು ಯಾಯಾಳ ಹಾಗೇ ಕಾಣುತ್ತಿದ್ದಳು. ಗೋಧಿ ತುಂಬಿದ ಪುಟ್ಟ ಕಾಗದದ ಚೀಲವೊಂದನ್ನು ನನ್ನ ಕೈಗಿಟ್ಟಳು.

“ಕೊನೇಲಾದ್ರೂ ಮಾತಾಡಿದ್ರಾ?” ಎಂದೆ. ಕೇಳದೇ ಇರಲು ನನ್ನಿಂದಾಗಲಿಲ್ಲ.

“ನನ್ನ ಜೊತೆ ಅಲ್ಲ,” ಎಂದಳು. “ಕಡೇ ದಿನ ಕಣ್ಣು ಕಾಣ್ತಿರಲಿಲ್ಲ. ನನ್ನ ಕೈ ಹಿಡಿದು, ‘ನಿಕೋ, ಬಂದ್ಯಾ’ ಅಂದಳು. ಹ್ಞೂಂ ಮಾಮ, ಬಂದೆ ಅಂದೆ. ಇನ್ನೇನು ಹೇಳಲಿ? ಮತ್ತೆ ಸುಳ್ಳೇ. ‘ಏನೇನೋ ಅಂದುಬಿಟ್ಟೆ ಮಗನೇ, ಮನಸ್ಸಿಗೆ ಹಚ್ಕೋಬೇಡ’ ಅಂದಳು. ಹಚ್ಕೊಂಡಿಲ್ಲ ಅಂದೆ. ಅವನ ಪರವಾಗಿ ಎಲ್ಲಾ ಕ್ಷಮಿಸಿಬಿಟ್ಟೆ.”

ಅವಳು ಮೇಜಿನ ಮೇಲೆ ಬಿದ್ದಿದ್ದ ಒಂದು ಗೋಧಿ ಕಾಳನ್ನು ಬೆರಳಿನಿಂದ ಅತ್ತಿತ್ತ ಉರುಳಿಸುತ್ತಿದ್ದಳು.

“ಆಮೇಲೆ ಧೈರ್ಯ ಮಾಡಿ ಕೇಳಿದೆ. ಐರೀನ್ ಹೊರಗೆ ನಿಂತಿದಾಳೆ ಮಾಮ, ಒಳಗೆ ಕರೀಲಾ ಅಂತ. ಹೆದರಿಕೊಂಡುಬಿಟ್ಟಳು. ನನ್ನ ಕೈಯನ್ನ ಗಟ್ಟಿಯಾಗಿ ಹಿಡಿದುಕೊಂಡಳು.” ಐರೀನ್ ತನ್ನ ಮಣಿಕಟ್ಟನ್ನು ಹಿಡಿದು ತೋರಿಸಿದಳು. “‘ಬೇಡ ನಿಕೋ, ನಾನು ಸಾಯ್ತಿದೀನಿ ಅಂತ ಐರೀನ್‌ಗೆ ಹೇಳಬೇಡ, ಅವಳ ಎದೆ ತಡೆಯಲ್ಲ’ ಅಂದಳು.”

ನಾನು ಚೀಲ ಬಿಚ್ಚಿ ಗೋಧಿ ಬಾಯಿಗೆ ಹಾಕಿಕೊಂಡೆ. ‘ದೇವರು ಕ್ಷಮಿಸಲಿ’ ಎಂದು ಹೇಳಬೇಕಾದ ಮಾತು ಹೇಳಿದೆ. ಐರೀನ್ ಕೈ ಚಾಚಿದಳು, ಅವಳ ಅಂಗೈಗೂ ಒಂದು ಹಿಡಿ ಹಾಕಿದೆ.